ಹೊಲಿಗೆ ಕೂಡದ ಅಂಚು: ಕ್ಯಾಡ್‌ನಲ್ಲಿ ಸರ್ಫೇಸ್‌ಗಳು ಸಾಲಿಡ್ ಆಗದಿರುವುದೇಕೆ?

ಕ್ಯಾಡ್‌ನಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ವಸ್ತುಗಳ ಮಾದರಿ ಕಟ್ಟುವ ತಂತ್ರಾಂಶದಲ್ಲಿ, ಪಂಪಿನ ಕೇಸಿಂಗ್ (ಹೊರಕವಚ) ಒಂದರ ಮಾದರಿ ಮಾಡುತ್ತಿದ್ದೆ. ಸೆಂಟ್ರಿಫ್ಯೂಗಲ್ ಪಂಪಿನಲ್ಲಿ ನೀರನ್ನು ತಳ್ಳುವ ತಿರುಗುಚಕ್ರದ (ಇಂಪೆಲ್ಲರ್) ಸುತ್ತ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡು, ಸುತ್ತುತ್ತ ಸುತ್ತುತ್ತ ಅಗಲವಾಗಿ, ಕೊನೆಗೆ ನೀರು ಹೊರಬೀಳುವ ಕೊಳವೆಯನ್ನು ಸೇರುವ ಭಾಗ ಅದು. ವೊಲ್ಯೂಟ್ ಎಂದು ಕರೆಯುತ್ತಾರೆ. ನೀರು ಹರಿಯುವ ಜಾಗವನ್ನೇ ಮೊದಲು ಒಂದು ಸಾಲಿಡ್ (ಗಟ್ಟಿ ಆಕಾರ) ಮಾಡಿಕೊಂಡರೆ ಎರಕದಲ್ಲಿ ಒಳಗಿನ ಟೊಳ್ಳನ್ನು ಉಳಿಸುವ ಕೋರ್‌ಗೂ ಅದೇ ಆಕಾರ ಒದಗುತ್ತದೆ, ಹರಿವಿನ ಲೆಕ್ಕಕ್ಕೂ ಅದೇ ಸಾಕಾಗುತ್ತದೆ. ಹಾಗಾಗಿ ಒಂಬತ್ತು ಸರ್ಫೇಸ್‌ಗಳಿಂದ, ಅಂದರೆ ದಪ್ಪವಿಲ್ಲದ ಮೈಗಳಿಂದ, ಆ ಜಾಗವನ್ನು ಸುತ್ತುಗಟ್ಟಿದ್ದೆ. ಹೇಗೆ ತಿರುಗಿಸಿ ನೋಡಿದರೂ ಎಲ್ಲೂ ಸಂದು ಕಾಣಲಿಲ್ಲ. ಆದರೆ ಅವುಗಳನ್ನು ಹೊಲಿದು ಒಂದಾಗಿಸುವ ಸ್ಟಿಚ್ ಆಜ್ಞೆ ಕೊಟ್ಟಾಗ ಎಂಟು ಸರ್ಫೇಸ್‌ಗಳು ಕೂಡಿಕೊಂಡವು, ಒಂದು ಹೊರಗೆ ಉಳಿಯಿತು, ಸಾಲಿಡ್ ಆಗಲಿಲ್ಲ. ಸೆಕ್ಷನ್ ಕತ್ತರಿಸಿದರೆ ತುಂಬಿದ ಗಟ್ಟಿಯ ಬದಲು ಕಾಗದದಷ್ಟು ತೆಳುವಾದ ಗೆರೆ ಮಾತ್ರ.

ಕ್ಯಾಡ್ ಕಲಿಯುವವರಲ್ಲಿ ಈ ಸ್ಥಿತಿಯನ್ನು ಎದುರಿಸದವರು ಇಲ್ಲ. ಬಹಳ ಮಂದಿ ಇಲ್ಲಿ ತಂತ್ರಾಂಶವನ್ನು ಬೈಯುತ್ತಾರೆ, ಇಲ್ಲವೇ ಕೈಗೆ ಸಿಕ್ಕ ಬಟನ್‌ಗಳನ್ನೆಲ್ಲ ಒತ್ತುತ್ತಾರೆ. ತಂತ್ರಾಂಶ ನಿಜವಾಗಿ ಏನನ್ನು ಕೇಳುತ್ತಿದೆ ಎಂದು ಗೊತ್ತಾದರೆ ಈ ತೊಡಕಿನ ಮುಕ್ಕಾಲು ಪಾಲು ಬಿಡಿಸಿಕೊಳ್ಳುತ್ತದೆ ಎಂಬುದು ನನ್ನ ಅನುಭವ.

ಮೊದಲು ಕಣ್ಣಿನ ವಿಷಯ. ತೆರೆಯ ಮೇಲೆ ಕಾಣುವುದು ಮಾದರಿಯಲ್ಲ, ಮಾದರಿಯಿಂದ ತೆಗೆದ ಸಣ್ಣ ಸಣ್ಣ ತ್ರಿಕೋನಗಳ ಚಿತ್ರ. ಆ ಚಿತ್ರದಲ್ಲಿ ಬಿರುಕು ಕಂಡರೆ ಮಾದರಿಯಲ್ಲಿ ಬಿರುಕು ಇರಲೇಬೇಕೆಂದಿಲ್ಲ; ಎರಡು ಕಡೆಯ ತ್ರಿಕೋನಗಳು ಒಂದಕ್ಕೊಂದು ಕೂಡಿರದೆ ಹಾಗೆ ಕಾಣಬಹುದು. ಚಿತ್ರದಲ್ಲಿ ಬಿರುಕಿಲ್ಲದಿದ್ದರೆ ಮಾದರಿಯಲ್ಲೂ ಇಲ್ಲ ಎಂದೂ ಹೇಳಲಾಗದು. ಮನುಷ್ಯನ ತಲೆಗೂದಲು ಮಿಲಿಮೀಟರಿನ ಹತ್ತರಲ್ಲೊಂದು ಪಾಲಿಗಿಂತ ತುಸು ಕಡಿಮೆ ದಪ್ಪ. ಸ್ಟಿಚ್ ಕೆಡಿಸುವ ಸಂದು ಅದಕ್ಕಿಂತ ನೂರು ಪಟ್ಟು ಸಣ್ಣದಿದ್ದರೂ ಸಾಕು. ಈ ಕೆಲಸದಲ್ಲಿ ಕಣ್ಣನ್ನು ಸಾಕ್ಷಿಗೆ ಕರೆಯುವಂತಿಲ್ಲ.

ಇನ್ನು ಸಾಲಿಡ್ ಎಂದರೇನು? ಕಂಪ್ಯೂಟರಿನೊಳಗೆ ಅದು ತುಂಬಿದ ಕಬ್ಬಿಣದ ಗಟ್ಟಿಯಲ್ಲ, ಅದೂ ಬರಿಯ ತೊಗಲೇ. ಸರ್ಫೇಸ್ ಬಾಡಿಗೂ ಸಾಲಿಡ್ ಬಾಡಿಗೂ ಇರುವ ವ್ಯತ್ಯಾಸ ಇಷ್ಟು: ಸಾಲಿಡ್‌ನ ತೊಗಲಿಗೆ ಎಲ್ಲೂ ತೆರೆದ ಅಂಚಿಲ್ಲ, ಅದರ ಯಾವ ಕಡೆ ಒಳಗು, ಯಾವ ಕಡೆ ಹೊರಗು ಎಂಬುದು ತೀರ್ಮಾನವಾಗಿರುತ್ತದೆ. ಈ ವಿಧಾನಕ್ಕೆ ಬಿ-ರೆಪ್ ಎಂದು ಹೆಸರು. ವಸ್ತುವನ್ನು ಅದರ ಎಲ್ಲೆಯಿಂದ ಹೇಳುವುದು ಎಂದರ್ಥ. 1970ರ ದಶಕದ ಮೊದಲ ವರ್ಷಗಳಲ್ಲಿ ಕೇಂಬ್ರಿಜ್‌ನಲ್ಲಿ ಇಯಾನ್ ಬ್ರೇಡ್, ಸ್ಟ್ಯಾನ್‌ಫೋರ್ಡ್‌ನಲ್ಲಿ ಬ್ರೂಸ್ ಬಾಮ್‌ಗಾರ್ಟ್ ಇದನ್ನು ಬೇರೆಬೇರೆಯಾಗಿ ರೂಪಿಸಿದರು. ಬ್ರೇಡ್ ಮತ್ತು ಜೊತೆಗಾರರು 1974ರಲ್ಲಿ ಕಟ್ಟಿದ ಶೇಪ್ ಡೇಟಾ ಕಂಪನಿಯ ಕೆಲಸದಿಂದಲೇ ಮುಂದೆ ಪ್ಯಾರಾಸಾಲಿಡ್ ಎಂಬ ಕರ್ನಲ್ ಬಂತು. ಕರ್ನಲ್ ಎಂದರೆ ಕ್ಯಾಡ್ ತಂತ್ರಾಂಶದ ಒಳಗೆ ಕುಳಿತು ಜ್ಯಾಮಿತಿಯ ಲೆಕ್ಕ ಮಾಡುವ ಯಂತ್ರ. ಸಾಲಿಡ್‌ವರ್ಕ್ಸ್, ಎನ್‌ಎಕ್ಸ್, ಸಾಲಿಡ್ ಎಡ್ಜ್, ಆನ್‌ಶೇಪ್ ಇವೆಲ್ಲವುಗಳ ಒಳಗಿರುವುದು ಇಂದಿಗೂ ಪ್ಯಾರಾಸಾಲಿಡ್. ಫ್ರೀಕ್ಯಾಡ್‌ನಲ್ಲಿ ಓಪನ್ ಕ್ಯಾಸ್ಕೇಡ್ ಇದೆ, ಕಟಿಯಾದಲ್ಲಿ ಅದರದೇ ಕರ್ನಲ್.

ಬಿ-ರೆಪ್‌ನಲ್ಲಿ ಎರಡು ಖಾತೆಗಳಿವೆ. ಮೊದಲನೆಯದು ಜ್ಯಾಮಿತಿಯ ಖಾತೆ: ಈ ಬಿಂದು ಎಲ್ಲಿದೆ, ಈ ಗೆರೆ ಹೇಗೆ ಬಾಗಿದೆ, ಈ ಮೈಯ ಸಮೀಕರಣ ಏನು. ಎರಡನೆಯದು ಸಂಬಂಧದ ಖಾತೆ, ಅಂದರೆ ಟೋಪಾಲಜಿ: ಯಾವ ಫೇಸ್‌ಗೆ (ಮುಖಕ್ಕೆ) ಯಾವ ಎಡ್ಜ್ (ಅಂಚು) ಸೇರಿದೆ, ಆ ಎಡ್ಜ್‌ನ ಆಚೆ ಯಾವ ಫೇಸ್ ಇದೆ. ಎರಡು ಸರ್ಫೇಸ್‌ಗಳು ಅಕ್ಕಪಕ್ಕ ಮುಟ್ಟಿಕೊಂಡಿದ್ದರೆ ಅದು ಮೊದಲ ಖಾತೆಯ ಮಾತು ಮಾತ್ರ. ಎರಡನೆಯ ಖಾತೆಯಲ್ಲಿ ಅವು ಇನ್ನೂ ಪರಕೀಯರೇ. ಒಂದೇ ಬೇಲಿಯ ಎರಡು ಪಕ್ಕದಲ್ಲಿ ಎರಡು ಹೊಲಗಳಿದ್ದು, ಕಂದಾಯದ ದಾಖಲೆಯಲ್ಲಿ ಅದು ಎರಡು ಬೇರೆ ಬೇರೆ ಗಡಿಗಳಾಗಿ ಬರೆಯಲ್ಪಟ್ಟಂತೆ. ಸ್ಟಿಚ್, ನಿಟ್, ಸ್ಯೂ, ಜಾಯಿನ್ ಎಂದು ಒಂದೊಂದು ತಂತ್ರಾಂಶದಲ್ಲಿ ಒಂದೊಂದು ಹೆಸರು ಹೊತ್ತಿರುವ ಆಜ್ಞೆ ಮಾಡುವುದು ಇದನ್ನೇ: ಒಂದೇ ಜಾಗದಲ್ಲಿರುವ ಎರಡು ಅಂಚುಗಳನ್ನು ಒಂದೇ ಅಂಚು ಎಂದು ದಾಖಲೆಗೆ ಬರೆಯುವುದು. ಅದು ಸಂದಿಗೆ ಅಂಟು ತುಂಬುವುದಿಲ್ಲ.

ಹಾಗೆ ಬರೆದಾಗ ಪ್ರತಿಯೊಂದು ಎಡ್ಜ್ ಸರಿಯಾಗಿ ಎರಡು ಫೇಸ್‌ಗಳಿಗೆ ಸೇರಿರಬೇಕು. ಒಂದಕ್ಕೇ ಸೇರಿದ್ದರೆ ಅದು ತೆರೆದ ಅಂಚು. ಮೂರಕ್ಕೆ ಸೇರಿದ್ದರೆ ಒಳಗು-ಹೊರಗಿನ ತೀರ್ಮಾನವೇ ಕೆಡುತ್ತದೆ. ಇದನ್ನು ನಾನ್-ಮ್ಯಾನಿಫೋಲ್ಡ್ ಎನ್ನುತ್ತಾರೆ. ಮುಚ್ಚಿದ ಘನಕ್ಕೆ ಒಂದು ಹಳೆಯ ಲೆಕ್ಕವೂ ಇದೆ. ಸಾಮಾನ್ಯ ಪೆಟ್ಟಿಗೆಗೆ 8 ಮೂಲೆ, 12 ಅಂಚು, 6 ಮುಖ; 8ರಿಂದ 12 ಕಳೆದು 6 ಕೂಡಿದರೆ 2. ಆಯ್ಲರ್ ಹೇಳಿದ ಈ ಲೆಕ್ಕದ ವಿಸ್ತೃತ ರೂಪವನ್ನು ಕರ್ನಲ್ ತನ್ನ ಪ್ರತಿ ಹೆಜ್ಜೆಯಲ್ಲೂ ಕಾಯ್ದುಕೊಳ್ಳುತ್ತದೆ.

ಎರಡು ಅಂಚುಗಳು ಒಂದೇ ಜಾಗದಲ್ಲಿ ಇರಬೇಕೆಂದರೆ ಎಷ್ಟು ಒಂದೇ? ಸಮಸ್ಯೆಯ ಬೇರು ಇರುವುದು ಇಲ್ಲಿ. ಎರಡು ಸಮತಲಗಳು ಕೂಡಿದರೆ ಸರಳರೇಖೆ ಬರುತ್ತದೆ, ಅದನ್ನು ಕರಾರುವಾಕ್ಕಾಗಿ ಬರೆಯಬಹುದು. ಆದರೆ ವೊಲ್ಯೂಟ್‌ನಂಥ ಬಾಗಿದ ಮೈಗಳಲ್ಲಿ ಸಾಮಾನ್ಯವಾಗಿ ಬಳಸುವ ಬೈಕ್ಯೂಬಿಕ್ ಪ್ಯಾಚ್‌ಗಳನ್ನು, ಅಂದರೆ ಎರಡೂ ದಿಕ್ಕಿನಲ್ಲಿ ಮೂರನೆಯ ಘಾತದ ಸೂತ್ರದಿಂದ ಬಾಗುವ ತುಂಡುಗಳನ್ನು, ತೆಗೆದುಕೊಳ್ಳಿ. ಅಂಥ ಒಂದು ಪ್ಯಾಚನ್ನು ಒಂದೇ ಬೀಜಗಣಿತದ ಸಮೀಕರಣವಾಗಿ ಬರೆದರೆ ಅದರ ಘಾತ 18ರವರೆಗೆ ಹೋಗುತ್ತದೆ. ಅಂಥ ಎರಡು ಮೈಗಳು ಕತ್ತರಿಸಿಕೊಂಡಾಗ ಹುಟ್ಟುವ ಗೆರೆಯ ಘಾತ 18ನ್ನು 18ರಿಂದ ಗುಣಿಸಿದಷ್ಟು, ಅಂದರೆ 324 ಆಗಬಹುದು. ಅದನ್ನು ಹಾಗೆಯೇ ಇಟ್ಟುಕೊಳ್ಳುವ ತಂತ್ರಾಂಶ ಯಾವುದೂ ಇಲ್ಲ. ಎಲ್ಲವೂ ಹತ್ತಿರದ ಒಂದು ಸರಳ ಗೆರೆಯನ್ನು ಹಾಕಿಕೊಂಡು, ‘ಇದು ಎರಡೂ ಮೈಗಳ ಮೇಲೆ ಇಂತಿಷ್ಟು ಅಂತರದೊಳಗೆ ಇದೆ’ ಎಂದು ಒಪ್ಪಿಕೊಳ್ಳುತ್ತವೆ. ಅಂದರೆ ನಾವು ಟ್ರಿಮ್ ಮಾಡಿದ (ಕತ್ತರಿಸಿದ) ಬಾಗಿದ ಮೈಗಳ ಅಂಚು ಬಹುಪಾಲು ಅಂದಾಜು. ಆ ಒಪ್ಪಂದದ ಅಳತೆಯೇ ಟಾಲರೆನ್ಸ್.

ಈ ಅಳತೆ ಎಲ್ಲರದೂ ಒಂದೇ ಆಗಿದ್ದರೆ ತೊಂದರೆ ಕಡಿಮೆ ಇರುತ್ತಿತ್ತು. ಪ್ಯಾರಾಸಾಲಿಡ್‌ನ ಮೂಲ ನಿಖರತೆ 0.00001 ಮಿಲಿಮೀಟರ್. ಓಪನ್ ಕ್ಯಾಸ್ಕೇಡ್‌ನದು 0.0000001 ಮೂಲಮಾನ. ಕಟಿಯಾದ ಜಾಯಿನ್ ಆಜ್ಞೆ ಶುರುವಾಗುವುದು 0.001 ಮಿಲಿಮೀಟರಿನಿಂದ. ರೈನೋದಲ್ಲಿ ಚಿಕ್ಕ ವಸ್ತುಗಳಿಗೆಂದು ಇರುವ ಮಿಲಿಮೀಟರ್ ಟೆಂಪ್ಲೇಟಿನಲ್ಲೂ ಅಷ್ಟೇ. ಒಂದು ಕಡೆ ‘ಮುಚ್ಚಿದೆ’ ಎನಿಸಿಕೊಂಡ ಅಂಚು ಇನ್ನೊಂದು ಕಡೆ ನೂರು ಪಟ್ಟು ತೆರೆದ ಬಾಗಿಲಾಗಿ ಕಾಣುವುದು ಹೀಗೆ. ಬೆಳಗಾವಿಯ ಫೌಂಡ್ರಿಗೋ ಪೀಣ್ಯದ ಟೂಲ್‌ರೂಮಿಗೋ ಬರುವ ಕಡತ ಎಷ್ಟೋ ಸಲ ಬೇರೊಬ್ಬರ ತಂತ್ರಾಂಶದಲ್ಲಿ ಹುಟ್ಟಿರುತ್ತದೆ. ಕಳಿಸಿದವರು ‘ನಮ್ಮಲ್ಲಿ ಸಾಲಿಡ್ ಇದೆ’ ಎನ್ನುತ್ತಾರೆ, ತೆರೆದವರು ‘ಇಲ್ಲಿ ಸರ್ಫೇಸ್ ಬಂದಿದೆ’ ಎನ್ನುತ್ತಾರೆ. ಇಬ್ಬರೂ ಹೇಳುವುದು ನಿಜ.

ಕಡತದ ಬಗೆಯೂ ಇದಕ್ಕೆ ಕೈಜೋಡಿಸುತ್ತದೆ. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಮಾದರಿ ಸಾಗಿಸುವ ಕಡತದ ಬಗೆಯಾದ ಐಜೆಸ್‌ನ ಮೊದಲ ಆವೃತ್ತಿ ಬಂದದ್ದು 1980ರಲ್ಲಿ. ಆ ಕಡತಗಳಲ್ಲಿ ಬಹುತೇಕ ಬಿಡಿ ಬಿಡಿ ಸರ್ಫೇಸ್‌ಗಳೇ ಇರುತ್ತವೆ, ಸಂಬಂಧದ ಖಾತೆ ಇರುವುದಿಲ್ಲ. ತೆರೆದ ತಂತ್ರಾಂಶ ಮತ್ತೆ ಮೊದಲಿನಿಂದ ಹೊಲಿಯಬೇಕು. ಐಎಸ್‌ಒ 10303 ಎಂಬ ಸ್ಟೆಪ್ ಮಾನಕ 1994ರಿಂದ ಪ್ರಕಟವಾಗುತ್ತಿದ್ದು, ಅದು ಯಾವ ಅಂಚು ಯಾವ ಮುಖಕ್ಕೆ ಎಂಬುದನ್ನೂ ಮಾದರಿಯ ನಿಖರತೆಯ ಅಳತೆಯನ್ನೂ ಹೊತ್ತು ತರಬಲ್ಲದು. ಆಯ್ಕೆ ಇದ್ದರೆ ಸ್ಟೆಪ್ ಕೇಳಿ; ಎರಡೂ ಕಡೆ ಪ್ಯಾರಾಸಾಲಿಡ್ ಇದ್ದರೆ ಅದರದೇ ಕಡತವನ್ನು ಕೇಳಿ, ಅನುವಾದವೇ ಬೇಡವಾಗುತ್ತದೆ. ಎಸ್‌ಟಿಎಲ್ ಬಂದಿದ್ದರೆ ಅದು ಬೇರೆಯದೇ ಲೋಕ: ಅಲ್ಲಿರುವುದು ತ್ರಿಕೋನಗಳು ಮಾತ್ರ, ಮೂಲಮಾನವೂ ಇಲ್ಲ. ಈ ಲೇಖನದ ಯಾವ ಮಾತೂ ಅದಕ್ಕೆ ನೇರವಾಗಿ ಅನ್ವಯಿಸುವುದಿಲ್ಲ.

ನನ್ನ ವೊಲ್ಯೂಟ್‌ಗೆ ಹಿಂತಿರುಗುತ್ತೇನೆ. ಆ ದಿನ ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಸ್ಟಿಚ್ ಟಾಲರೆನ್ಸನ್ನು 0.001ರಿಂದ 0.1ಕ್ಕೆ ಏರಿಸಿದೆ. ತಕ್ಷಣ ಸಾಲಿಡ್ ಆಯಿತು. ಸಮಾಧಾನದಿಂದ ಮುಂದಿನ ಕೆಲಸಕ್ಕೆ ಹೋದೆ. ಎರಡು ದಿನ ಕಳೆದ ಮೇಲೆ, ಕೊಳವೆಯ ಬುಡಕ್ಕೆ ಅಂಚನ್ನು ದುಂಡಾಗಿಸುವ ಫಿಲೆಟ್ ಹಾಕಲು ಹೋದರೆ ಆಗಲಿಲ್ಲ. ಗೋಡೆಯ ದಪ್ಪಕ್ಕಾಗಿ ಮೈಯನ್ನು ಸಮದೂರಕ್ಕೆ ಸರಿಸುವ ಆಫ್‌ಸೆಟ್ ಕೇಳಿದರೆ ಅದೂ ಆಗಲಿಲ್ಲ. ತಂತ್ರಾಂಶ ಕೊಟ್ಟ ಸಂದೇಶದಲ್ಲಿ ಸಂದಿನ ಸುದ್ದಿಯೇ ಇರಲಿಲ್ಲ, ಏಕೆಂದರೆ ದಾಖಲೆಯ ಪ್ರಕಾರ ಸಂದು ಇರಲಿಲ್ಲ.

ಟಾಲರೆನ್ಸ್ ಏರಿಸಿದಾಗ ಏನಾಗುತ್ತದೆ ಎಂದು ಸರಿಯಾಗಿ ತಿಳಿಯಬೇಕು. ನನ್ನ ಮಾದರಿಯಲ್ಲಿದ್ದಂತೆ ಎರಡು ಮೈಗಳ ಅಂಚುಗಳು 0.06 ಮಿಲಿಮೀಟರ್ ದೂರವಿದ್ದರೆ ಕರ್ನಲ್ ಅವುಗಳನ್ನು ಹತ್ತಿರಕ್ಕೆ ಎಳೆಯುವುದಿಲ್ಲ. ಎರಡನ್ನೂ ಒಳಗೊಳ್ಳುವಷ್ಟು ದಪ್ಪದ ಒಂದು ಅಂಚನ್ನು ದಾಖಲಿಸುತ್ತದೆ, ಗೆರೆಯ ಜಾಗದಲ್ಲಿ ತೆಳುವಾದ ಕೊಳವೆ ಇಟ್ಟಂತೆ. ಆ ಕೊಳವೆಯೊಳಗೆ ಮೈ ಎಲ್ಲಿ ಮುಗಿಯುತ್ತದೆ ಎಂಬುದು ಯಾರಿಗೂ ಗೊತ್ತಿಲ್ಲ. ಮುಂದೆ ಫಿಲೆಟ್ ಬಂದು ‘ಈ ಅಂಚಿನ ಎರಡೂ ಕಡೆಯ ಮೈಗೆ ನಾನು ಸ್ಪರ್ಶಕವಾಗಿ ಕೂಡಬೇಕು’ ಎಂದಾಗ ಉತ್ತರ ಸಿಗುವುದಿಲ್ಲ. ಹಾಗೆಂದು ಟಾಲರೆನ್ಸ್ ಮುಟ್ಟಲೇಬಾರದು ಎನ್ನುವುದಿಲ್ಲ. ಮಾದರಿ ಸುಮ್ಮನೆ ತೂಕ ತಿಳಿಯಲು ಬೇಕು, ಜೋಡಣೆಯಲ್ಲಿ ಜಾಗ ತೋರಿಸಲು ಬೇಕು ಎಂದರೆ ಏರಿಸಿ ಮುಂದೆ ಹೋಗಿ. ಅದರ ಮೇಲೆ ಇನ್ನೂ ಕಟ್ಟುವುದಿದ್ದರೆ ಬೇಡ. ಕಟಿಯಾ ಜಾಯಿನ್‌ನಲ್ಲಿ 0.1 ಮಿಲಿಮೀಟರಿಗಿಂತ ಮೇಲೆ ಹೋಗಲು ಬಿಡದಿರುವುದು ವಿವೇಕದ ಕಟ್ಟಳೆ ಎಂದೇ ನನ್ನ ಭಾವನೆ.

ಸರಿಯಾದ ದಾರಿ ತೆರೆದ ಅಂಚನ್ನು ಹುಡುಕುವುದು. ಸಾಧನ ಪ್ರತಿ ತಂತ್ರಾಂಶದಲ್ಲೂ ಇದೆ: ರೈನೋದಲ್ಲಿ ಶೋ ಎಡ್ಜಸ್ ಕೊಟ್ಟು ನೇಕೆಡ್ ಎಡ್ಜ್ ಆರಿಸಿಕೊಳ್ಳಿ, ಸಾಲಿಡ್‌ವರ್ಕ್ಸ್‌ನಲ್ಲಿ ನಿಟ್ ಆಜ್ಞೆಯೊಳಗಿನ ಗ್ಯಾಪ್ ಕಂಟ್ರೋಲ್ ಮತ್ತು ಚೆಕ್, ಎನ್‌ಎಕ್ಸ್‌ನಲ್ಲಿ ಎಕ್ಸಾಮಿನ್ ಜ್ಯಾಮೆಟ್ರಿ, ಕಟಿಯಾದಲ್ಲಿ ಬೌಂಡರಿ, ಫ್ರೀಕ್ಯಾಡ್‌ನ ಪಾರ್ಟ್ ವಿಭಾಗದಲ್ಲಿ ಚೆಕ್ ಜ್ಯಾಮೆಟ್ರಿ. ಆ ಅಂಚು ಸಿಕ್ಕ ಮೇಲೆ ಅದರ ಸ್ವರೂಪ ನೋಡಿ. ರೋಗ ಯಾವುದೆಂದು ಹೇಳುವುದು ಅದೇ.

ಇಡೀ ಉದ್ದಕ್ಕೂ ಜೋಡಿ ಗೆರೆ ಬಂದಿದ್ದರೆ ಎರಡು ಮೈಗಳನ್ನು ಬೇರೆ ಬೇರೆ ಗೆರೆಗಳಿಂದ ಕಟ್ಟಲಾಗಿದೆ. ಒಂದನ್ನು ಸ್ಕೆಚ್‌ನಿಂದ, ಇನ್ನೊಂದನ್ನು ಅದೇ ಸ್ಕೆಚ್‌ನ ನಕಲಿನಿಂದ ಮಾಡಿದಾಗ ಹೀಗಾಗುತ್ತದೆ. ಎರಡನೆಯದನ್ನು ಮೊದಲನೆಯದರ ಎಡ್ಜ್‌ನಿಂದಲೇ ಮತ್ತೆ ಕಟ್ಟಿ. ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಇಲ್ಲವೇ ಎರಡನ್ನೂ ಆಚೆಗೆ ಚಾಚಿ, ಒಂದನ್ನೊಂದು ದಾಟುವಂತೆ ಮಾಡಿ, ಒಟ್ಟಿಗೆ ಟ್ರಿಮ್ ಮಾಡಿ. ಚಾಚಿ ಕತ್ತರಿಸಿದ ಅಂಚು ಎರಡಕ್ಕೂ ಒಂದೇ ಲೆಕ್ಕದಿಂದ ಹುಟ್ಟುತ್ತದೆ, ಹಾಗಾಗಿ ಒಂದೇ ಆಗಿರುತ್ತದೆ. ಅಂಚಿಗೆ ಅಂಚು ಕರಾರುವಾಕ್ಕಾಗಿ ಮುಟ್ಟುವಂತೆ ಮೈಗಳನ್ನು ಕಟ್ಟಲು ಹೆಣಗುವುದಕ್ಕಿಂತ ಬಟ್ಟೆಗೆ ಮಡಿಕೆ ಬಿಟ್ಟು ಹೊಲಿಯುವ ದರ್ಜಿಯ ಕ್ರಮ ಇಲ್ಲಿ ಯಾವಾಗಲೂ ಮೇಲು.

ತೆರೆದ ಅಂಚು ಒಂದು ಚುಕ್ಕೆಯಷ್ಟು ಸಣ್ಣದಿದ್ದರೆ ಅಲ್ಲಿ ಸೀಳುಮುಖ ಅಡಗಿರುತ್ತದೆ: ಉದ್ದ ಹತ್ತು ಮಿಲಿಮೀಟರ್, ಅಗಲ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಅದನ್ನು ಅಳಿಸಿ ಪಕ್ಕದ ಮೈಗಳನ್ನು ಚಾಚಬೇಕು. ಇಂಪೋರ್ಟ್ ಮಾಡುವಾಗ ಬರುವ ಸ್ವಯಂಚಾಲಿತ ದುರಸ್ತಿ ಈ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಅಂಚಿಗೆ ಮೂರು ಮೈ ಸೇರಿದ್ದರೆ ಮೊದಲು ಒಂದರ ಮೇಲೊಂದು ಎರಡು ಸಲ ಇಟ್ಟ ಸರ್ಫೇಸ್ ಇದೆಯೇ ನೋಡಿ. ನಕಲು ಮಾಡಿದಾಗ ಮೂಲ ಅಲ್ಲೇ ಉಳಿದಿರುವುದು ಬಹಳ ಸಾಮಾನ್ಯ. ಎಲ್ಲ ಅಂಚೂ ಮುಚ್ಚಿದ್ದು ಘನಗಾತ್ರ ಋಣ ಸಂಖ್ಯೆಯಾಗಿ ಬಂದರೆ ತೊಗಲು ಒಳಗು ಹೊರಗಾಗಿದೆ, ನಾರ್ಮಲ್ (ಹೊರಗು ಯಾವ ಕಡೆ ಎಂದು ತೋರಿಸುವ ದಿಕ್ಕು) ತಿರುಗಿಸಿದರೆ ಸಾಕು.

ನನ್ನ ಮಾದರಿಯಲ್ಲಿ ತೆರೆದ ಅಂಚು ಸಿಕ್ಕಿದ್ದು ಟಂಗ್ ಬಳಿ. ವೊಲ್ಯೂಟ್‌ನ ಸುರುಳಿ ಶುರುವಾಗುವ ಜಾಗ, ಅದು ಮುಗಿದು ಹೊರಗಿನ ಕೊಳವೆಗೆ ತಿರುಗುವ ಜಾಗದ ಪಕ್ಕದಲ್ಲೇ ಇದೆ. ಎರಡರ ನಡುವೆ ನಾಲಗೆಯಂತೆ ಚಾಚಿದ ಲೋಹದ ಅಂಚು ಅದು; ನೀರನ್ನು ಕೊಳವೆಯ ಕಡೆಗೆ ಕತ್ತರಿಸಿ ಕಳಿಸುತ್ತದೆ. ಸುರುಳಿಯ ಅಡ್ಡಕೊಯ್ತ ಕೋನದ ಜೊತೆ ಬೆಳೆಯುತ್ತ ಹೋಗುತ್ತದೆ. ಹಿಮ್ಮುಖವಾಗಿ ನೋಡಿದರೆ ಸೊನ್ನೆ ಡಿಗ್ರಿಯ ಬಳಿ ಅದು ಸೊನ್ನೆಗೆ ಕುಗ್ಗುತ್ತದೆ. ನಾನು ಲಾಫ್ಟನ್ನು, ಅಂದರೆ ಈ ಅಡ್ಡಕೊಯ್ತಗಳನ್ನು ಬೆಸೆಯುವ ಮೈಯನ್ನು, ಸೊನ್ನೆಯಿಂದಲೇ ಶುರುಮಾಡಿದ್ದೆ. ಆ ಕೊನೆಯಲ್ಲಿ ನಾಲ್ಕು ಅಂಚಿನ ಮೈಯ ಒಂದು ಅಂಚು ಬಿಂದುವಾಗಿ ಮುದುಡಿತ್ತು. ಮುದುಡಿದ ಬಿಂದುವಿನಲ್ಲಿ ಮೈಗೆ ನಿಶ್ಚಿತ ದಿಕ್ಕಿರುವುದಿಲ್ಲ. ಅಲ್ಲಿಗೆ ಹತ್ತಿರದ ಯಾವ ಟ್ರಿಮ್ ಲೆಕ್ಕವೂ ನಡುಗುತ್ತದೆ. ಆ 0.06 ಮಿಲಿಮೀಟರಿನ ಸಂದು ಹುಟ್ಟಿದ್ದು ಅಲ್ಲಿಂದ.

ಹಾಗಾಗಿ ಸಂದನ್ನು ಮುಚ್ಚುವ ಬದಲು ಸಂದು ಹುಟ್ಟಿದ ಮೈಯನ್ನೇ ತೆಗೆದೆ. ಲಾಫ್ಟನ್ನು ಸುಮಾರು 20 ಡಿಗ್ರಿಯಿಂದ ಶುರುಮಾಡಿ, ಟಂಗ್ ಸುತ್ತ ಖಾಲಿ ಬಿಟ್ಟೆ. ಖಾಲಿ ಜಾಗದ ಎಲ್ಲೆ ನಾಲ್ಕು ಶುದ್ಧ ಅಂಚುಗಳಾಗುವಂತೆ ಸುತ್ತಲಿನ ಮೈಗಳನ್ನು ತುಸು ಹಿಂದಕ್ಕೆ ಕತ್ತರಿಸಿದೆ. ಆ ನಾಲ್ಕು ಅಂಚುಗಳಿಂದಲೇ ಹೊಸ ಮೈ ಕಟ್ಟಿದೆ, ನೀರು ಜಾರುವ ಎರಡು ಕಡೆ ಸ್ಪರ್ಶಕ, ಉಳಿದೆರಡು ಕಡೆ ಬರಿಯ ಮುಟ್ಟುವಿಕೆ. ಎಲ್ಲ ಕಡೆಯೂ ಬಾಗುವಿಕೆ ಹೊಂದಬೇಕೆಂದು ಕೇಳಿದ್ದರೆ ಆ ಸಣ್ಣ ಮೈ ಅಲೆಅಲೆಯಾಗಿ ಸುಕ್ಕುಗಟ್ಟುತ್ತಿತ್ತು. ಬೇಕಾದಲ್ಲಿ ಬೇಕಾದಷ್ಟು ಮಾತ್ರ ನಯ ಕೇಳುವುದನ್ನು ಕಲಿಯಲು ನನಗೆ ವರ್ಷಗಳೇ ಹಿಡಿದವು. ಈ ಸಲ 0.001ರಲ್ಲೇ ಹೊಲಿಗೆ ಕೂಡಿತು.

ಗೋಡೆಯ ಆಫ್‌ಸೆಟ್ ಆಗಲೂ ಆಗಲಿಲ್ಲ. ಇಲ್ಲಿ ಸಂದಿನ ತಪ್ಪೇನೂ ಇರಲಿಲ್ಲ. ಮೈಯನ್ನು ಅದರ ಬಾಗುವಿಕೆಯ ಕೇಂದ್ರದ ಕಡೆಗೆ ಸರಿಸುವಾಗ ತ್ರಿಜ್ಯಕ್ಕಿಂತ ಹೆಚ್ಚು ದೂರ ಸರಿಸಿದರೆ ಅದು ತನ್ನನ್ನೇ ಕತ್ತರಿಸಿಕೊಳ್ಳುತ್ತದೆ. ಟಂಗ್‌ನ ಮೂಗಿನ ತ್ರಿಜ್ಯ 2 ಮಿಲಿಮೀಟರ್, ನನಗೆ ಬೇಕಿದ್ದ ಗೋಡೆ 6. ನೀರಿನ ಕಡೆಯಿಂದ ಲೋಹದ ಕಡೆಗೆ ಸರಿಯುವಾಗ ಆ 2 ಮಿಲಿಮೀಟರ್ ಮುಗಿದ ಮೇಲೆ ಹೋಗಲು ಜಾಗವೇ ಇಲ್ಲ. ಥಿಕನ್, ಶೆಲ್, ಆಫ್‌ಸೆಟ್ ಯಾವುದು ವಿಫಲವಾದರೂ ಮೊದಲು ಅತಿ ಚಿಕ್ಕ ತ್ರಿಜ್ಯವನ್ನು ಅಳೆಯಿರಿ. ಕರ್ವೇಚರ್ ವಿಶ್ಲೇಷಣೆ ಅದನ್ನು ಬಣ್ಣದಲ್ಲೇ ತೋರಿಸುತ್ತದೆ. ಹೊರಮೈಗೆ ಟಂಗ್‌ನ ಅಗತ್ಯವೇ ಇಲ್ಲ, ಹೊರಗಿನಿಂದ ಅದು ಕಾಣುವುದೂ ಇಲ್ಲ. ಹೊರಗಿನ ಆಕಾರವನ್ನು ಬೇರೆ ಸಾಲಿಡ್ ಆಗಿ ಕಟ್ಟಿ, ಅದರಿಂದ ನೀರಿನ ಸಾಲಿಡ್ ಕಳೆಯುವುದೆಂದು ತೀರ್ಮಾನಿಸಿದೆ.

ಹೀಗೆ ಸಾಲಿಡ್‌ನಿಂದ ಸಾಲಿಡ್ ಕಳೆಯುವುದು, ಕೂಡುವುದು ಬೂಲಿಯನ್ ಕೆಲಸ, ಅದರ ತೊಡಕುಗಳು ಬೇರೆ. ಸರ್ಫೇಸನ್ನು ಸಾಲಿಡ್‌ಗೆ ನೇರವಾಗಿ ಕೂಡಲು ಬರುವುದಿಲ್ಲ ಎಂಬುದು ಮೊದಲ ಮಾತು. ದಪ್ಪವಿಲ್ಲದ ಹಾಳೆಯನ್ನು ಗಟ್ಟಿಗೆ ಸೇರಿಸಿದರೆ ಒಳಗು-ಹೊರಗು ಎಲ್ಲಿ? ಹಾಳೆಗೆ ದಪ್ಪ ಕೊಡಿ, ಇಲ್ಲವೇ ಅದರಿಂದ ಸಾಲಿಡನ್ನು ಕತ್ತರಿಸಿ, ಇಲ್ಲವೇ ರಿಪ್ಲೇಸ್ ಫೇಸ್‌ನಿಂದ ಸಾಲಿಡ್‌ನ ಒಂದು ಮುಖವನ್ನೇ ಆ ಹಾಳೆಯಾಗಿ ಬದಲಿಸಿ. ಎರಡು ಸಾಲಿಡ್‌ಗಳು ಒಂದು ಗೆರೆಯಲ್ಲಿ ಮಾತ್ರ ಮುಟ್ಟಿದ್ದರೂ ಕೂಡುವುದಿಲ್ಲ. ಆ ಗೆರೆಗೆ ನಾಲ್ಕು ಮುಖ ಸೇರಿಬಿಡುತ್ತವೆ. ಸಾಲಿಡ್‌ವರ್ಕ್ಸ್ ‘ಝೀರೋ ಥಿಕ್‌ನೆಸ್’ ಎಂದು ದೂರುವುದು ಇದನ್ನೇ. ಇನ್ನು ಎರಡು ಮುಖಗಳು ಒಂದೇ ತಲದಲ್ಲಿ ಬಹುಮಟ್ಟಿಗೆ ಒಂದರ ಮೇಲೊಂದು ಕುಳಿತಾಗ, ಅಥವಾ ರಿಬ್ (ಆಸರೆಯ ಪಟ್ಟಿ) ಒಂದು ಸಿಲಿಂಡರನ್ನು ಸವರಿಕೊಂಡಂತೆ ಸ್ಪರ್ಶಕವಾಗಿ ಮುಟ್ಟಿದಾಗ ಕರ್ನಲ್‌ಗೆ ಕತ್ತರಿಸುವ ಗೆರೆ ಎಲ್ಲಿ ಎಂಬುದೇ ತಿಳಿಯುವುದಿಲ್ಲ. ಒಳ್ಳೆಯ ಬೂಲಿಯನ್‌ಗೆ ಎರಡು ಆಕಾರಗಳು ನಿಸ್ಸಂಶಯವಾಗಿ ಒಂದನ್ನೊಂದು ದಾಟಬೇಕು. ಕೂಡುವಾಗ ಒಳಗೆ ಹುಗಿಯಿರಿ, ಕಳೆಯುವಾಗ ಹೊರಗೆ ಚಾಚಿ.

ನೀರಿನ ಸಾಲಿಡ್‌ನ ಎರಡು ತುದಿಗಳು ಕೊಳವೆ ಜೋಡಿಸುವ ಫ್ಲಾಂಜ್‌ನ ಮುಖಕ್ಕೆ ಸರಿಸಮವಾಗಿ ನಿಂತಿದ್ದವು. ಎರಡನ್ನೂ 5 ಮಿಲಿಮೀಟರ್ ಆಚೆಗೆ ಎಳೆದೆ. ಕಳೆಯುವ ಆಜ್ಞೆ ಒಂದೇ ಸಲಕ್ಕೆ ನಡೆಯಿತು. ಸಾಲಿಡ್ ಒಂದೇ ಇದೆಯೇ, ಬಾಡಿಗಳ ಪಟ್ಟಿಯಲ್ಲಿ ಬೇರೇನಾದರೂ ಚೂರು ಉಳಿದಿದೆಯೇ ಎಂದು ನೋಡಿದೆ. ಕಳೆಯುವ ಮೊದಲಿನ ಹೊರ ಆಕಾರದ ಘನಗಾತ್ರದಿಂದ ಈಗಿನದನ್ನು ಕಳೆದು, ಚಾಚಿದ ತುದಿಗಳನ್ನು ಬಿಟ್ಟ ನೀರಿನ ಘನಗಾತ್ರದ ಜೊತೆ ಹೋಲಿಸಿದೆ, ಎರಡೂ ಹೊಂದಿದವು. ಸ್ಟೆಪ್ ಕಡತ ಬರೆದು, ಅದನ್ನು ಹೊಸದಾಗಿ ತೆರೆದು ಮತ್ತೊಮ್ಮೆ ಚೆಕ್ ಓಡಿಸಿದೆ. ಆಮೇಲೆ ಕೊಳವೆಯ ಬುಡದ ಅಂಚನ್ನು ಆರಿಸಿ 3 ಮಿಲಿಮೀಟರ್ ಫಿಲೆಟ್ ಕೇಳಿದೆ. ಬಂತು.